ಯುಗಾದಿ ಸಂಜೆಗೆ ಬೀದಿ ರಸಪ್ರಶ್ನೆ: ಪ್ರಶ್ನೆ ಹುಡುಕುವುದರಿಂದ ಬಹುಮಾನ ಹಂಚುವವರೆಗೆ

ಯುಗಾದಿ ಸಂಜೆ ತುಮಕೂರಿನ ನಮ್ಮ ಬೀದಿಯಲ್ಲಿ ಅರ್ಧ ಗಂಟೆ ಯಾರ ಮನೆಯಲ್ಲೂ ಟಿವಿ ಓಡುವುದಿಲ್ಲ. ಎಲ್ಲರೂ ಚಂದ್ರನನ್ನು ನೋಡೋಕೆ ಹೊರಗೆ ನಿಂತಿರುತ್ತಾರೆ. ಹೊಸ ವರ್ಷದ ಆ ಚಂದ್ರ ಉಗುರಿನ ತುದಿಯಷ್ಟು ತೆಳ್ಳಗೆ ಇರುತ್ತಾನೆ. ಪಶ್ಚಿಮದಲ್ಲಿ ತುಂಬಾ ಕೆಳಗೆ ಕಾಣಿಸಿ ಬೇಗ ಮುಳುಗಿಬಿಡುತ್ತಾನೆ. ಕೆಲವು ವರ್ಷ ಮೊದಲ ದಿನ ಕಾಣುವುದೇ ಇಲ್ಲ, ಮರುದಿನ ಬಿದಿಗೆಗೆ ಕಾಣುತ್ತಾನೆ. ಕಂಡ ಕೂಡಲೇ ಕೈ ಮುಗಿದು, ಮನೆಯ ಹಿರಿಯರ ಕಾಲಿಗೆ ನಮಸ್ಕಾರ ಮಾಡಿದರೆ ಮುಗೀತು. ಆಮೇಲೆ ಕೆಲವರು ಇಸ್ಪೀಟಿಗೆ ಕೂರುತ್ತಾರೆ, ಉಳಿದವರು ಮತ್ತೆ ಟಿವಿ ಮುಂದೆ.

ಹೇಗೂ ಎಲ್ಲರೂ ಹೊರಗೆ ಇದ್ದಾರಲ್ಲ, ಒಂದು ಗಂಟೆ ಇಲ್ಲೇ ಕೂತುಬಿಡಲಿ ಅಂತ ರಸಪ್ರಶ್ನೆ ಶುರು ಮಾಡಿದೆವು. ಕೆಲವು ವರ್ಷ ನಡೆಸಿದ ಮೇಲೆ ಏನು ನಡೆಯುತ್ತದೆ, ಏನು ಕೆಡುತ್ತದೆ ಅನ್ನುವುದು ಗೊತ್ತಾಗಿದೆ. ನಿಮ್ಮ ಬೀದಿಯಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಅಥವಾ ಊರ ಅರಳಿಕಟ್ಟೆಯಲ್ಲಿ ಮಾಡಬೇಕು ಅಂತಿದ್ದರೆ ಇದನ್ನು ಹಾಗೇ ಅನುಸರಿಸಬಹುದು.

ಎರಡು ವಾರ ಮೊದಲು: ಪ್ರಶ್ನೆ ಎಲ್ಲಿಂದ ತರಬೇಕು

ಸಾಮಾನ್ಯ ಜ್ಞಾನ ಅಂದರೆ ನಮಗೆ ತಕ್ಷಣ ನೆನಪಾಗುವುದು ದೇಶಗಳ ರಾಜಧಾನಿ, ಉದ್ದದ ನದಿ, ಎತ್ತರದ ಶಿಖರ. ಇಂಥ ಪ್ರಶ್ನೆ ಕೇಳಿದರೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಇಬ್ಬರು ಹುಡುಗರು ಎಲ್ಲದಕ್ಕೂ ಉತ್ತರ ಹೇಳುತ್ತಾರೆ. ಉಳಿದವರು ಹದಿನೈದು ನಿಮಿಷಕ್ಕೆ ಎದ್ದು ಹೋಗುತ್ತಾರೆ. ಮೊದಲ ವರ್ಷ ನಮಗೆ ಆದದ್ದು ಇದೇ.

ಆಮೇಲೆ ನಾನು ಒಂದು ಕಟ್ಟುಪಾಡು ಹಾಕಿಕೊಂಡೆ. ಉತ್ತರ ಕೇಳಿದವರು ಮನೆಗೆ ಹೋಗಿ ಅದನ್ನು ಕಣ್ಣಾರೆ ನೋಡುವಂತಿರಬೇಕು. ಜೇಬಿನಲ್ಲಿ, ಅಡುಗೆಮನೆಯಲ್ಲಿ, ಟಿವಿ ಹತ್ತಿರ, ಬೀದಿಯ ಮರದಲ್ಲಿ. ಈ ನಾಲ್ಕು ಜಾಗದಲ್ಲೇ ಒಂದು ಸಂಜೆಗೆ ಸಾಕಾಗಿ ಮಿಗುವಷ್ಟು ಪ್ರಶ್ನೆ ಇವೆ. ಎಲ್ಲರೂ ದಿನಾ ಮುಟ್ಟುವ ವಸ್ತುವಾದರೆ ಅಜ್ಜಿಗೂ ಬಾಯಿ ಬರುತ್ತದೆ, ನಾಲ್ಕನೇ ಕ್ಲಾಸಿನ ಮಗುವಿಗೂ ಬರುತ್ತದೆ.

ಲೆಕ್ಕ ಹೀಗಿಟ್ಟುಕೊಳ್ಳಿ. ನಾಲ್ಕು ತಂಡ, ನಾಲ್ಕು ಸುತ್ತು, ಸುತ್ತಿಗೆ ತಂಡಕ್ಕೆ ಎರಡು ಪ್ರಶ್ನೆ. ಒಟ್ಟು 32. ಮೇಲೆ 8 ಪ್ರಶ್ನೆ ಕೈಯಲ್ಲಿರಲಿ, ಯಾವುದಾದರೂ ಗೊಂದಲವಾದರೆ ಬದಲಿಗೆ ಬೇಕಾಗುತ್ತದೆ. ಒಂದು ಪ್ರಶ್ನೆಗೆ ಒಂದೂವರೆ ನಿಮಿಷ ಹಿಡಿದರೂ ಮುಕ್ಕಾಲು ಗಂಟೆ ಆಯ್ತು. ಅದಕ್ಕಿಂತ ಜಾಸ್ತಿ ಎಳೆಯಬೇಡಿ, ಮಕ್ಕಳು ಹಸಿದುಕೊಂಡಿರುತ್ತಾರೆ.

ಜೇಬಿನ ಸುತ್ತು

ನನಗೆ ಬಹಳ ಇಷ್ಟವಾದ ಸುತ್ತು ಇದು. ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಒಂದು ನೋಟು ತೆಗೆದು ಹಿಂಬದಿ ನೋಡಿ. ಎಡಗಡೆ ಒಂದು ಪಟ್ಟಿಯಲ್ಲಿ ನೋಟಿನ ಬೆಲೆಯನ್ನು ಬೇರೆ ಬೇರೆ ಭಾಷೆಯಲ್ಲಿ ಬರೆದಿರುತ್ತಾರೆ. ಎಷ್ಟು ಭಾಷೆ? ಆ ಪಟ್ಟಿಯಲ್ಲಿ 15. ಹಿಂದಿ, ಇಂಗ್ಲಿಷ್ ಬೇರೆ ಕಡೆ ದೊಡ್ಡದಾಗಿ ಇರುವುದರಿಂದ ಒಟ್ಟು 17. ಕನ್ನಡ ಮೇಲಿನಿಂದ ಎಷ್ಟನೆಯದು? ನಾಲ್ಕನೆಯದು. ಅಸ್ಸಾಮಿ, ಬಂಗಾಳಿ, ಗುಜರಾತಿ ಆದಮೇಲೆ ಕನ್ನಡ. ಇಂಗ್ಲಿಷ್ ಅಕ್ಷರಗಳ ಸಾಲಿನ ಪ್ರಕಾರ ಜೋಡಿಸಿರುವುದೇ ಇದಕ್ಕೆ ಕಾರಣ. ದಿನಕ್ಕೆ ಹತ್ತು ಸಲ ನೋಟು ಎಣಿಸುವ ಅಂಗಡಿಯವರೂ ಈ ಪ್ರಶ್ನೆಗೆ ಒಂದು ಕ್ಷಣ ನಿಂತುಬಿಡುತ್ತಾರೆ.

ನೋಟಿನ ಹಿಂದಿನ ಚಿತ್ರಗಳು ಇನ್ನೊಂದು ಗಣಿ. ಈಗಿನ ಹೊಸ ಸರಣಿಯಲ್ಲಿ 10ರ ನೋಟಿನ ಹಿಂದೆ ಕೊನಾರ್ಕದ ಸೂರ್ಯ ದೇವಾಲಯ, 20ರಲ್ಲಿ ಎಲ್ಲೋರಾ, 50ರಲ್ಲಿ ನಮ್ಮ ಹಂಪಿಯ ಕಲ್ಲಿನ ರಥ, 100ರಲ್ಲಿ ಗುಜರಾತಿನ ರಾಣಿ ಕಿ ವಾವ್ ಎಂಬ ಮೆಟ್ಟಿಲುಬಾವಿ, 200ರಲ್ಲಿ ಸಾಂಚಿ ಸ್ತೂಪ, 500ರಲ್ಲಿ ಕೆಂಪುಕೋಟೆ. ಕರ್ನಾಟಕದ ಜಾಗ ಯಾವ ನೋಟಿನಲ್ಲಿದೆ ಅಂತ ಕೇಳಿ ನೋಡಿ.

ಇಲ್ಲೇ ಒಂದು ಎಚ್ಚರಿಕೆ. ಒಂದು ವರ್ಷ ನಾನು ಸುಮ್ನೆ "ನೂರು ರೂಪಾಯಿ ನೋಟಿನ ಹಿಂದೆ ಏನಿದೆ?" ಅಂತ ಕೇಳಿದ್ದೆ. ಒಬ್ಬ ಹುಡುಗ "ಮೆಟ್ಟಿಲುಬಾವಿ" ಅಂದ. ನಾನು ಸರಿ ಅಂದೆ. ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಸೊಂಟದ ಚೀಲ ಬಿಚ್ಚಿ, ನಾಲ್ಕು ಮಡಿಕೆ ಮಾಡಿಟ್ಟಿದ್ದ ನೋಟು ತೆಗೆದು, "ಲೇ ಮಗಾ, ನನ್ನ ನೋಟಲ್ಲಿ ಬೆಟ್ಟ ಐತಲ್ಲೋ" ಅಂದರು. ಅವರದು ಹಳೆಯ ಸರಣಿಯ ನೂರು. ಅದರ ಹಿಂದೆ ಹಿಮಾಲಯದ ಬೆಟ್ಟಗಳಿವೆ. ಆ ನೋಟೂ ಚಲಾವಣೆಯಲ್ಲಿದೆ, ಅವರ ಉತ್ತರವೂ ಸರಿ. ಇಬ್ಬರಿಗೂ ಅಂಕ ಕೊಟ್ಟೆ. ಅವತ್ತಿನಿಂದ "ಹೊಸ ಸರಣಿಯ, ನೇರಳೆ ಬಣ್ಣದ ನೂರರ ನೋಟು" ಅಂತಲೇ ಕೇಳುತ್ತೇನೆ.

ಇನ್ನು ನಾಣ್ಯ. ಯಾವುದೇ ರೂಪಾಯಿ ನಾಣ್ಯ ತೆಗೆದುಕೊಳ್ಳಿ. ಇಸವಿಯ ಕೆಳಗೆ ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಒಂದು ಚಿಕ್ಕ ಗುರುತು ಇರುತ್ತದೆ. ಚುಕ್ಕಿ ಇದ್ದರೆ ನೊಯ್ಡಾ ಟಂಕಸಾಲೆಯದು. ನಕ್ಷತ್ರ ಇದ್ದರೆ ಹೈದರಾಬಾದ್. ವಜ್ರದ ಆಕಾರ ಇದ್ದರೆ ಮುಂಬೈ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಇದನ್ನು ಮಾತಿನಲ್ಲಿ ಕೇಳಬೇಡಿ, ಆಟ ಮಾಡಿ. ಪ್ರತಿ ತಂಡಕ್ಕೂ ಒಂದು ಹಿಡಿ ಚಿಲ್ಲರೆ ಕೊಟ್ಟು, ಗುರುತುಗಳ ಪಟ್ಟಿ ಓದಿ ಹೇಳಿ, "ಎರಡು ನಿಮಿಷದಲ್ಲಿ ಹೈದರಾಬಾದಿನ ಒಂದು ನಾಣ್ಯ ಹುಡುಕಿ" ಅನ್ನಿ. ಎಲ್ಲರೂ ಬೀದಿ ದೀಪದ ಕೆಳಗೆ ಓಡುತ್ತಾರೆ. ಕನ್ನಡಕ ಇಲ್ಲದ ತಾತ ಮೊಮ್ಮಗಳ ಕೈಗೆ ನಾಣ್ಯ ಕೊಟ್ಟು "ನೀನು ನೋಡಮ್ಮ, ಚುಕ್ಕಿನೋ ನಕ್ಷತ್ರನೋ" ಅನ್ನುವುದನ್ನು ನೋಡಬೇಕು.

ಹತ್ತು ರೂಪಾಯಿ ನಾಣ್ಯದ ಬಗ್ಗೆ ಒಂದು ಪ್ರಶ್ನೆ ಇಡಲೇಬೇಕು. ನಮ್ಮ ಕಡೆ ಎಷ್ಟೋ ಅಂಗಡಿಗಳಲ್ಲಿ, ಬಸ್ಸಿನಲ್ಲಿ "ಇದು ನಡೆಯಲ್ಲ" ಅಂತ ವಾಪಸ್ ಕೊಡುತ್ತಾರೆ. ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ: ಅಲ್ಲಿಯವರೆಗೆ ಬಂದಿದ್ದ 14 ವಿನ್ಯಾಸಗಳೂ ನಡೆಯುತ್ತವೆ. ರೂಪಾಯಿ ಚಿಹ್ನೆ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಆ ಚಿಹ್ನೆಯೇ ಬಂದದ್ದು 2010ರಲ್ಲಿ. ಅದಕ್ಕಿಂತ ಮುಂಚೆ ಅಚ್ಚಾದ ನಾಣ್ಯದಲ್ಲಿ ಅದು ಇರೋದಾದರೂ ಹೇಗೆ, ಅಲ್ವಾ? ಈ ಒಂದು ಪ್ರಶ್ನೆಯಿಂದ ನಮ್ಮ ಬೀದಿಯ ಅಂಗಡಿಯಲ್ಲಿ ಹತ್ತರ ನಾಣ್ಯ ಓಡಾಡೋಕೆ ಶುರುವಾಯಿತು. ನನಗೆ ಅದೇ ದೊಡ್ಡ ಸಂತೋಷ.

ಹಿರಿಯರಿಗಾಗಿ ಆಣೆಯ ಪ್ರಶ್ನೆಗಳು. ಐವತ್ತು ಪೈಸೆಗೆ ಎಂಟಾಣೆ ಅಂತ ಯಾಕೆ ಅನ್ನುತ್ತೇವೆ? ಹಿಂದೆ ರೂಪಾಯಿಗೆ 16 ಆಣೆ, ಎಂಟಾಣೆ ಅಂದರೆ ಅರ್ಧ. "ಹದಿನಾರಾಣೆ ಸತ್ಯ" ಅನ್ನುವ ಮಾತೂ ಅಲ್ಲಿಂದಲೇ ಬಂತು, ಅಂದರೆ ಒಂದು ಕಾಸೂ ಕಮ್ಮಿ ಇಲ್ಲದ ಪೂರ್ತಿ ಸತ್ಯ. ಆಣೆಗೆ 4 ಪೈಸೆ, ಹಾಗಾಗಿ ಆಗ ರೂಪಾಯಿಗೆ 64 ಪೈಸೆ. 1957ರ ಏಪ್ರಿಲ್ 1ರಂದು ರೂಪಾಯಿಗೆ 100 ಪೈಸೆ ಅಂತಾಯಿತು. ಹಳೆ ಪೈಸೆ, ಹೊಸ ಪೈಸೆ ಬೆರೆಯದಿರಲಿ ಅಂತ ಹೊಸದಕ್ಕೆ "ನಯಾ ಪೈಸೆ" ಎಂದು ಹೆಸರಿಟ್ಟರು. 1964ರಲ್ಲಿ ಆ "ನಯಾ" ತೆಗೆದುಹಾಕಿದರು. ಸರ್ಕಾರ ತೆಗೆದರೂ ನಮ್ಮ ಬಾಯಿಂದ ಹೋಗಲಿಲ್ಲ. ಈಗಲೂ ಜಗಳ ಆದರೆ "ಒಂದು ನಯಾಪೈಸೆ ಕೊಡಲ್ಲ" ಅಂತಲೇ ಅನ್ನುವುದು.

ಜಮೀನಿನ ಲೆಕ್ಕವನ್ನೂ ಇದೇ ಸುತ್ತಿಗೆ ಸೇರಿಸಬಹುದು, ಅದೂ ದುಡ್ಡಿನ ಮಾತೇ. ಒಂದು ಗುಂಟೆ ದೊಡ್ಡದೋ, 30-40 ಸೈಟು ದೊಡ್ಡದೋ? ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರ ಅಡಿ. ಸೈಟು 1,200. ಸೈಟೇ ದೊಡ್ಡದು. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಊರಲ್ಲಿ ಜಮೀನಿದ್ದು ತುಮಕೂರಿನಲ್ಲಿ ಸೈಟು ಕೊಂಡವರು ನಮ್ಮಲ್ಲಿ ಬಹಳ ಜನ. ಈ ಪ್ರಶ್ನೆಗೆ ಗದ್ದಲವೋ ಗದ್ದಲ.

ಕಣ್ಣು ಮುಚ್ಚಿಸಿ ನೋಟು ಗುರುತಿಸುವ ಪ್ರಶ್ನೆಯನ್ನೂ ಒಮ್ಮೆ ಮಾಡಿ. ನೋಟಿನ ಎಡ, ಬಲ ಅಂಚುಗಳಲ್ಲಿ ಬೆರಳಿಗೆ ತಾಗುವ ಓರೆ ಗೆರೆಗಳಿರುತ್ತವೆ. 100ಕ್ಕೆ ನಾಲ್ಕು, 500ಕ್ಕೆ ಐದು. 200ಕ್ಕೆ ನಾಲ್ಕು ಗೆರೆ, ನಡುವೆ ಎರಡು ವೃತ್ತ. ಕಣ್ಣು ಕಾಣದವರಿಗೆ ಗೊತ್ತಾಗಲಿ ಅಂತ ಮಾಡಿರುವುದು ಇದು. ಗರಿಗರಿ ನೋಟೇ ಬಳಸಿ, ಸವೆದ ನೋಟಿನಲ್ಲಿ ಗೆರೆ ಸಿಗುವುದಿಲ್ಲ. ಪಕ್ಕದ ಬೀದಿಯ, ಕಣ್ಣು ಕಾಣದ ಒಬ್ಬ ಅಣ್ಣ ಒಂದು ಸಲ ಬಂದಿದ್ದರು. ಮೂರೂ ನೋಟನ್ನು ಸರಸರನೆ ಬೇರೆ ಮಾಡಿ ಕೊಟ್ಟರು. ಉಳಿದವರು ಕಣ್ಣಿನ ಬಟ್ಟೆ ಬಿಚ್ಚಿ ಸುಮ್ಮನೆ ನೋಡುತ್ತಾ ನಿಂತಿದ್ದರು.

ಅಡುಗೆಮನೆಯ ಸುತ್ತು

ಈ ಸುತ್ತಿನಲ್ಲಿ ಒಂದು ಪ್ರಶ್ನೆ ಮಾತ್ರ ಬಿಡಬೇಡಿ: ಗ್ಯಾಸ್ ಸಿಲಿಂಡರಿನ ಪ್ರಶ್ನೆ. ಸಿಲಿಂಡರಿನ ಮೇಲುಗಡೆ, ಹಿಡಿಕೆಯ ಪಟ್ಟಿಗಳ ಒಳಮುಖದಲ್ಲಿ ಎ-27, ಸಿ-28 ಅಂತ ಬರೆದಿರುತ್ತಾರೆ. ಏನದು? ಆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಿಸಬೇಕಾದ ಗಡುವು. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ಅಂಕಿ ಇಸವಿ. ಗಡುವು ದಾಟಿದ ಸಿಲಿಂಡರ್ ಮನೆಗೆ ಬಂದರೆ ತೆಗೆದುಕೊಳ್ಳಬೇಡಿ, ಬದಲಿಸಿ ಕೊಡಿ ಅನ್ನಿ. ಗ್ಯಾಸಿಗೆ ವಾಸನೆ ಇದೆಯಾ ಅಂತಲೂ ಕೇಳಿ. ಅಡುಗೆ ಅನಿಲಕ್ಕೆ ತನ್ನದೇ ವಾಸನೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಮರ್‌ಕ್ಯಾಪ್ಟನ್ ಎಂಬ ಗಬ್ಬು ವಾಸನೆಯ ವಸ್ತುವನ್ನು ಬೆರೆಸುತ್ತಾರೆ.

ಊಟದ ತಟ್ಟೆಯಲ್ಲಿ ಇರುವುದೆಲ್ಲ ಎಲ್ಲಿಂದ ಬಂತು ಅನ್ನುವ ಪ್ರಶ್ನೆಗಳಿಗೆ ಜನ ಬಾಯಿ ತೆರೆದು ಕೇಳುತ್ತಾರೆ. ನಮ್ಮ ರಾಗಿ ಮೂಲತಃ ಪೂರ್ವ ಆಫ್ರಿಕಾದ್ದು. ಹುಣಸೆಯೂ ಆಫ್ರಿಕಾದ್ದೇ. ಆದರೆ ಎಷ್ಟು ಹಿಂದೆ ಬಂದು ಇಲ್ಲಿಯದೇ ಆಗಿಬಿಟ್ಟಿತು ಅಂದರೆ, ಅರಬ್ಬರು ಅದನ್ನು "ಹಿಂದ್ ದೇಶದ ಖರ್ಜೂರ" ಎಂದು ಕರೆದರು. ಟ್ಯಾಮರಿಂಡ್ ಎಂಬ ಹೆಸರು ಅಲ್ಲಿಂದ ಬಂದದ್ದು. ಯುಗಾದಿ ಹೊತ್ತಿಗೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಮನೆ ಮುಂದೆ ಹುಣಸೆಹಣ್ಣು ಬಡಿಯುವ ಸದ್ದು ಇರುತ್ತದಲ್ಲ, ಆಗ ಈ ಉತ್ತರಕ್ಕೆ ಬೇರೆಯೇ ರುಚಿ. ಪಾವಗಡ, ಶಿರಾ ಕಡೆಯ ಕಡಲೆಕಾಯಿ ದಕ್ಷಿಣ ಅಮೆರಿಕದ್ದು. ಅದರ ಹೂವು ಮಣ್ಣಿನ ಮೇಲೆ ಬಿಟ್ಟು, ಕಾಯಿ ಮಣ್ಣಿನೊಳಗೆ ಕಟ್ಟುತ್ತದೆ.

ಮೆಣಸಿನಕಾಯಿ ಕೂಡ ಅಮೆರಿಕದಿಂದ, ಪೋರ್ಚುಗೀಸರ ಮೂಲಕ ಬಂದದ್ದು. ಹಾಗಾದರೆ ಅದಕ್ಕೆ ಮುಂಚೆ ಸಾರಿಗೆ ಖಾರ ಯಾವುದು? ಉತ್ತರ ನಮ್ಮ ಭಾಷೆಯಲ್ಲೇ ಇದೆ. ಖಾರಕ್ಕೆ ಇದ್ದದ್ದು ಮೆಣಸು. ಅದೇ ಥರ ಖಾರ ಕೊಡುವ ಕಾಯಿ ಬಂದಾಗ ಅದು ಮೆಣಸಿನಕಾಯಿ ಆಯಿತು.

ಟಿವಿ ಸುತ್ತು

ಇದರಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಧಾರಾವಾಹಿಯ ಪಾತ್ರಗಳ ಹೆಸರು, ರಿಯಾಲಿಟಿ ಶೋ ಗೆದ್ದವರು ಯಾರು, ಇವನ್ನು ಕೇಳಬೇಡಿ. ನೋಡುವವರಿಗೆ ಮಾತ್ರ ಗೊತ್ತಿರುತ್ತದೆ, ಮುಂದಿನ ವರ್ಷಕ್ಕೆ ಹಳತಾಗುತ್ತದೆ. ಟಿವಿ ಎಂಬ ಪೆಟ್ಟಿಗೆಯ ಬಗ್ಗೆಯೇ ಕೇಳಿ.

32 ಇಂಚಿನ ಟಿವಿಯಲ್ಲಿ ಯಾವ ಅಳತೆ 32? ಅಗಲ ಅನ್ನುವವರೇ ಜಾಸ್ತಿ. ಒಂದು ಟೇಪು ತಂದು ಅಳೆಸಿ. ಅಗಲ ಸುಮಾರು 28 ಇಂಚು, ಎತ್ತರ ಸುಮಾರು 16. ಮೇಲಿನ ಒಂದು ಮೂಲೆಯಿಂದ ಕೆಳಗಿನ ಎದುರು ಮೂಲೆಗೆ ಹಿಡಿದರೆ 32. ಇನ್ನೊಂದು, ರಿಮೋಟಿನ ಬೆಳಕು. ಗುಂಡಿ ಒತ್ತಿದಾಗ ರಿಮೋಟಿನ ತುದಿಯಿಂದ ಬೆಳಕು ಬರುತ್ತದೆ, ಆದರೆ ಅದು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಮೊಬೈಲಿನ ಸೆಲ್ಫಿ ಕ್ಯಾಮೆರಾ ಮುಂದೆ ಹಿಡಿದು ಒತ್ತಿದರೆ ನೇರಳೆ ಚುಕ್ಕಿ ಮಿಣುಕುವುದು ಸಾಮಾನ್ಯವಾಗಿ ಕಾಣುತ್ತದೆ. ರಿಮೋಟು ಕೆಟ್ಟಿದೆಯಾ, ಟಿವಿ ಕೆಟ್ಟಿದೆಯಾ ಅಂತ ತಿಳಿಯೋಕೂ ಇದು ಸುಲಭದ ದಾರಿ.

ಇತಿಹಾಸದಿಂದ ಎರಡು ಮೂರು ಸಾಕು. ದೇಶದಲ್ಲಿ ಟಿವಿ ಪ್ರಸಾರ ಮೊದಲು ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ. ಬಣ್ಣದ ಪ್ರಸಾರ ಬಂದದ್ದು 1982ರಲ್ಲಿ. ಕರ್ನಾಟಕಕ್ಕೆ ಸಂಬಂಧಿಸಿದ ಚೆಂದದ ಪ್ರಶ್ನೆ ಒಂದಿದೆ. ಬೆಂಗಳೂರಿಗೆ ದೂರದರ್ಶನ ಬರುವ ಮೊದಲೇ ಕರ್ನಾಟಕದ ಯಾವ ಹಳ್ಳಿಗಳು ಉಪಗ್ರಹದಿಂದ ಟಿವಿ ನೋಡಿದ್ದವು? ಕಲಬುರಗಿ, ವಿಜಯಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು. 1975-76ರಲ್ಲಿ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪ್ರಸಾರ ಮಾಡಿದ್ದರು. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರಲ್ಲಿ.

ಕನ್ನಡದ ರಸಪ್ರಶ್ನೆ ಅಂದಮೇಲೆ ಚಂದನ ವಾಹಿನಿಯ "ಥಟ್ ಅಂತ ಹೇಳಿ" ನೆನಪಾಗದೆ ಇರುತ್ತದೆಯೇ? ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ ಕಾರ್ಯಕ್ರಮ. ಅಲ್ಲಿ ಸರಿ ಉತ್ತರಕ್ಕೆ ಬಹುಮಾನ ಏನು? ಪುಸ್ತಕ. ನಮ್ಮ ಬಹುಮಾನದ ವಿಚಾರಕ್ಕೂ ಅದೇ ಮಾದರಿ, ಮುಂದೆ ಹೇಳುತ್ತೇನೆ.

ವಸಂತದ ಸುತ್ತು

ಇದಕ್ಕೆ ಒಂದು ಬುಟ್ಟಿ ಬೇಕು. ಹಬ್ಬದ ಬೆಳಗ್ಗೆ ತೋರಣ ಕಟ್ಟೋಕೆ ಮಾವಿನ ಸೊಪ್ಪು, ಬೇವಿನ ಹೂವು ತಂದಿರುತ್ತೀರಲ್ಲ, ಸ್ವಲ್ಪ ಎತ್ತಿಡಿ. ಹೊಂಗೆ ಚಿಗುರು, ಮುತ್ತುಗದ ಹೂವು, ಹುಣಸೆ ಬೀಜ ಸೇರಿಸಿ ಮೇಲೆ ಬಟ್ಟೆ ಮುಚ್ಚಿ. ಒಳಗೆ ಕೈ ಹಾಕಿ ಮುಟ್ಟಿ, ಮೂಸಿ ಹೇಳಬೇಕು, ನೋಡುವಂತಿಲ್ಲ. ಮಾವಿನೆಲೆ ಕಿವುಚಿದರೆ ಮಾವಿನಕಾಯಿಯ ವಾಸನೆಯೇ ಬರುತ್ತದೆ ಅಂತ ಮಕ್ಕಳಿಗೆ ಅಲ್ಲೇ ಗೊತ್ತಾಗುತ್ತದೆ.

ಬಾಯಿಮಾತಿನ ಪ್ರಶ್ನೆಗಳಲ್ಲಿ ಕೋಗಿಲೆಯದೇ ರಾಜ. ಕುಹೂ ಕುಹೂ ಅಂತ ಕೂಗುವುದು ಗಂಡೋ ಹೆಣ್ಣೋ? ಹಾಡುಗಾರ್ತಿಯರನ್ನು ಕೋಗಿಲೆಗೆ ಹೋಲಿಸುವ ಅಭ್ಯಾಸದಿಂದ ಎಲ್ಲರೂ ಹೆಣ್ಣು ಅನ್ನುತ್ತಾರೆ. ಹಾಗೆ ಕೂಗುವುದು ಗಂಡು. ಕಪ್ಪಗೆ ಮಿರಮಿರ ಮಿಂಚುವುದೂ ಗಂಡೇ. ಹೆಣ್ಣು ಕಂದು ಬಣ್ಣ, ಮೈತುಂಬ ಬಿಳಿ ಚುಕ್ಕಿ. ಗೂಡು ಕಟ್ಟುವುದಿಲ್ಲ, ಕಾಗೆ ಗೂಡಿನಲ್ಲಿ ಮೊಟ್ಟೆ ಇಡುತ್ತದೆ.

ಯುಗಾದಿ ಪ್ರತಿವರ್ಷ ಒಂದೇ ತಾರೀಖಿಗೆ ಯಾಕೆ ಬರುವುದಿಲ್ಲ? 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಪ್ರತಿ ಸಲ ಹತ್ತು ಹನ್ನೊಂದು ದಿನ ಹಿಂದಕ್ಕೆ ಬಂತು. ಚಂದ್ರನ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನವೇ ಆಗುವುದರಿಂದ ಹೀಗೆ. ಹೀಗೇ ಬಿಟ್ಟರೆ ಯುಗಾದಿ ಚಳಿಗಾಲಕ್ಕೆ ಹೋಗಿ, ಬೇವಿನ ಹೂವೇ ಸಿಗುತ್ತಿರಲಿಲ್ಲ. ಅದಕ್ಕೇ ಸುಮಾರು ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಸೇರಿಸುತ್ತಾರೆ. 2026ರಲ್ಲಿ ಅಧಿಕ ಜ್ಯೇಷ್ಠ. ಹಾಗಾಗಿ 2027ರ ಯುಗಾದಿ ಮತ್ತೆ ಏಪ್ರಿಲ್ 7ಕ್ಕೆ ಜಿಗಿಯುತ್ತದೆ.

ಸಂವತ್ಸರಗಳು 60. ಪ್ರಭವದಿಂದ ಶುರುವಾಗಿ ಅಕ್ಷಯಕ್ಕೆ ಮುಗಿಯುತ್ತವೆ. 2026ರ ಯುಗಾದಿಗೆ ಶುರುವಾಗುವುದು ಪರಾಭವ. "ಇಲ್ಲಿ ಯಾರಾದರೂ ಪರಾಭವ ಸಂವತ್ಸರದಲ್ಲೇ ಹುಟ್ಟಿದವರು ಇದ್ದೀರಾ?" ಅಂತ ಕೇಳಿದರೆ 1966ರ ಯುಗಾದಿಯಿಂದ 1967ರ ಯುಗಾದಿಯೊಳಗೆ ಹುಟ್ಟಿದವರು ಕೈ ಎತ್ತಬೇಕು. ಹುಟ್ಟಿದ ಸಂವತ್ಸರ ಮತ್ತೆ ಬಂದಿದೆ ಅಂದರೆ ಅವರಿಗೆ ಅರವತ್ತು.

ಪ್ರಶ್ನೆ ಬರೆಯುವಾಗ, ಪರೀಕ್ಷಿಸುವಾಗ

ಒಂದು ಪ್ರಶ್ನೆಗೆ ಒಂದೇ ಉತ್ತರ ಇರಬೇಕು. ಬರೆದ ಮೇಲೆ ಮನೆಯವರಿಗೆ ಜೋರಾಗಿ ಓದಿ ಹೇಳಿ. ಅವರು "ಅಂದ್ರೆ?" ಅಂದರೆ ಮತ್ತೆ ಬರೆಯಿರಿ. "ಯಾವ ಇಸವಿ" ಅನ್ನುವ ಪ್ರಶ್ನೆ ಸುತ್ತಿಗೆ ಒಂದಕ್ಕಿಂತ ಜಾಸ್ತಿ ಬೇಡ. ಇಸವಿಯನ್ನು ಪ್ರಶ್ನೆಯೊಳಗೇ ಹೇಳಿ ಸಂಗತಿಯನ್ನು ಕೇಳುವುದು ವಾಸಿ.

ವಾಟ್ಸಾಪಿನಲ್ಲಿ ಬಂದದ್ದನ್ನು ನೇರ ಪ್ರಶ್ನೆ ಮಾಡಬೇಡಿ. 2016ರಲ್ಲಿ ಎರಡು ಸಾವಿರದ ನೋಟಿನೊಳಗೆ ಚಿಪ್ ಇದೆ ಅನ್ನುವ ಮಾತು ಊರೆಲ್ಲ ಓಡಾಡಿತ್ತು. ಅದು ಸುಳ್ಳು. ನಾನು ಪ್ರತಿ ಉತ್ತರವನ್ನೂ ಎರಡು ಸಲ ನೋಡುತ್ತೇನೆ. ವಸ್ತುವನ್ನೇ ಕೈಯಲ್ಲಿ ಹಿಡಿದು ಒಮ್ಮೆ, ಅಚ್ಚಾದ ಪುಸ್ತಕದಲ್ಲಿ ಅಥವಾ ಸಂಬಂಧಪಟ್ಟ ಇಲಾಖೆಯ ಪ್ರಕಟಣೆಯಲ್ಲಿ ಇನ್ನೊಮ್ಮೆ. ಪರೀಕ್ಷಿಸಿದ ತಾರೀಖನ್ನು ಪಕ್ಕದಲ್ಲೇ ಬರೆದಿಡಿ. ದುಡ್ಡಿನ ಸಂಗತಿಗಳು ಬದಲಾಗುತ್ತವೆ. 2023ರ ಮೇ 19ರಂದು ಎರಡು ಸಾವಿರದ ನೋಟನ್ನು ಹಿಂದಕ್ಕೆ ಪಡೆಯುತ್ತೇವೆ ಅಂದ ಮೇಲೆ ನನ್ನ ಎರಡು ಪ್ರಶ್ನೆ ಕೆಲಸಕ್ಕೆ ಬಾರದೆ ಹೋದವು.

ಆ ದಿನ

ತಂಡ ಕಟ್ಟುವಾಗ ಒಂದೇ ಮನೆಯವರನ್ನು ಒಂದೇ ತಂಡಕ್ಕೆ ಹಾಕಬೇಡಿ. ನಾಲ್ಕು ಜನರ ತಂಡದಲ್ಲಿ ಅರವತ್ತು ದಾಟಿದವರು ಒಬ್ಬರು, ಹನ್ನೆರಡರ ಒಳಗಿನ ಮಗು ಒಂದು ಇರಲೇಬೇಕು. ಆಣೆ ಲೆಕ್ಕ ಅಜ್ಜಿಗೆ ಗೊತ್ತು, ರಿಮೋಟಿನ ಬೆಳಕು ಮೊಮ್ಮಗನಿಗೆ ಗೊತ್ತು. ಪಕ್ಕದ ಮನೆ ಮಗು ಇನ್ನೊಂದು ಮನೆ ತಾತನ ಕಿವಿಯಲ್ಲಿ ಪಿಸುಗುಟ್ಟುತ್ತಾ ಉತ್ತರ ಕಟ್ಟುತ್ತದೆ. ಇಷ್ಟೆಲ್ಲ ಕಷ್ಟಪಡುವುದು ನಾನು ಇದಕ್ಕಾಗಿಯೇ.

ಶುರುವಿಗೆ ಎಲ್ಲರಿಗೂ ಬರುವ ಒಂದು ಪ್ರಶ್ನೆ ಎಸೆಯಿರಿ, ಅಂಕ ಬೇಡ. ಕೆಎ 06 ತುಮಕೂರು ಅಂತ ಎಲ್ಲರಿಗೂ ಗೊತ್ತು. ನಮ್ಮ ಜಿಲ್ಲೆಗೆ ಇನ್ನೂ ಎರಡು ನಂಬರ್ ಇವೆ, ಯಾವುವು? ತಿಪಟೂರಿನ 44, ಮಧುಗಿರಿಯ 64. ಬಾಯಿ ಬಿಡದವರೂ ಕೂಗುತ್ತಾರೆ.

ಬಾರಿಸುವ ಗಂಟೆಯ ಬದಲಿಗೆ ಊಟದ ತಟ್ಟೆ, ಚಮಚ ಸಾಕು. ನೇರ ಉತ್ತರಕ್ಕೆ 10, ಪಾಸ್ ಆಗಿ ಬಂದದ್ದಕ್ಕೆ 5. ತಪ್ಪು ಉತ್ತರಕ್ಕೆ ಅಂಕ ಕಳೆಯಬೇಡಿ, ಕಳೆದರೆ ಹಿರಿಯರು ಮತ್ತು ಮಕ್ಕಳು ಬಾಯಿ ಮುಚ್ಚಿಕೊಂಡುಬಿಡುತ್ತಾರೆ. ಪ್ರತಿ ಸುತ್ತನ್ನೂ ಬೇರೆ ತಂಡದಿಂದ ಶುರು ಮಾಡಿ, ಪಾಸ್ ಹೋಗುವ ದಿಕ್ಕನ್ನೂ ಬದಲಿಸಿ. ಇಲ್ಲದಿದ್ದರೆ ಒಂದು ತಂಡಕ್ಕೇ ಪಾಸಿನ ಲಾಭ ಸಿಗುತ್ತಾ ಹೋಗುತ್ತದೆ. ತಕರಾರು ಬಂದೇ ಬರುತ್ತದೆ. ಬೀದಿಯಲ್ಲಿ ಎಲ್ಲರೂ ಗೌರವಿಸುವ ಒಬ್ಬರು ಮೇಷ್ಟ್ರನ್ನು ಮೊದಲೇ ಕೂರಿಸಿ, ಅವರ ಮಾತೇ ಕೊನೆ. ಉತ್ತರ ಹೇಳಿದ ಕೂಡಲೇ ಮುಂದಕ್ಕೆ ಓಡಬೇಡಿ. ನಾಣ್ಯವನ್ನೋ, ಎಲೆಯನ್ನೋ ಒಂದು ಸುತ್ತು ಕೈಯಿಂದ ಕೈಗೆ ಹೋಗಲು ಬಿಡಿ.

ಇಬ್ಬರು ಸಮ ಆದರೆ ಗಾಜಿನ ಡಬ್ಬಿಯೊಳಗೆ ಹುಣಸೆ ಬೀಜ ತುಂಬಿಸಿ ಎಷ್ಟಿವೆ ಅಂತ ಅಂದಾಜು ಮಾಡಿಸಿ. ಹತ್ತಿರ ಬಂದವರು ಗೆದ್ದರು. ಬೀಜ ಮೊದಲೇ ಎಣಿಸಿ, ಚೀಟಿ ಮೇಷ್ಟ್ರ ಕೈಗೆ ಕೊಟ್ಟಿರಿ.

ಕೊನೆಯ ಪ್ರಶ್ನೆ ನಂಟಿನ ಪ್ರಶ್ನೆ ಆಗಿರಲಿ, ಎಲ್ಲ ತಂಡಕ್ಕೂ ಒಟ್ಟಿಗೆ. ನನ್ನ ಅಚ್ಚುಮೆಚ್ಚಿನದು ಇದು. ರಿಸರ್ವ್ ಬ್ಯಾಂಕ್ ಕೆಲಸ ಶುರು ಮಾಡಿದ್ದು 1935. ಆಣೆ ಹೋಗಿ ನಯಾ ಪೈಸೆ ಬಂದದ್ದು 1957. ದೂರದರ್ಶನ ಆಕಾಶವಾಣಿಯಿಂದ ಬೇರೆಯಾದದ್ದು 1976. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ವಿಲೀನವಾದದ್ದು 2017. ಈ ನಾಲ್ಕಕ್ಕೂ ಇರುವ ನಂಟು ಏನು? ಯಾರಿಗೂ ಹೊಳೆಯದಿದ್ದರೆ ಐದನೆಯ ಸುಳಿವು ಕೊಡಿ: ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಹುಟ್ಟಿದ್ದು 1907. ತುಮಕೂರಿನವರಿಗೆ ಅಷ್ಟು ಸಾಕು. "ಏಪ್ರಿಲ್ ಒಂದು!" ಅಂತ ನಾಲ್ಕೂ ಕಡೆಯಿಂದ ಕೂಗು ಏಳುತ್ತದೆ.

ಬಹುಮಾನ, ಮುಂದಿನ ವರ್ಷದ ಡಬ್ಬಿ

ಬಹುಮಾನಕ್ಕೆ ದುಡ್ಡು ಕೊಡಬೇಡಿ. ಗೆದ್ದ ತಂಡದ ನಾಲ್ವರಿಗೂ ಒಂದೊಂದು ಕನ್ನಡ ಪುಸ್ತಕ, ಅವರವರ ವಯಸ್ಸಿಗೆ ತಕ್ಕದ್ದು. ಉಳಿದ ಎಲ್ಲರಿಗೂ ಒಬ್ಬಟ್ಟು, ಮಜ್ಜಿಗೆ. ಮನೆಗೊಂದು ನೂರು ರೂಪಾಯಿ ಸೇರಿಸಿದರೂ ಧಾರಾಳವಾಗಿ ಆಗುತ್ತದೆ.

ಹೋಗುವ ಮುಂಚೆ ಒಂದು ಖಾಲಿ ಡಬ್ಬಿ, ಚೀಟಿಗಳನ್ನು ಇಡಿ. ತಮಗೆ ಉತ್ತರ ಗೊತ್ತಿಲ್ಲದ, ಮನೆಯೊಳಗಿನ ಒಂದು ಪ್ರಶ್ನೆಯನ್ನು ಯಾರು ಬೇಕಾದರೂ ಬರೆದು ಹಾಕಬಹುದು. ಕಳೆದ ಸಲ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಬರೆದಿದ್ದಳು: "ತೆಂಗಿನಕಾಯಿಗೆ ಮೂರು ಕಣ್ಣು ಇದೆ. ಮೊಳಕೆ ಒಂದರಿಂದಲೇ ಯಾಕೆ ಬರುತ್ತದೆ?" ಕೊಬ್ಬರಿಯ ಜಿಲ್ಲೆಯಲ್ಲಿ ಹುಟ್ಟಿಯೂ ನಾನು ಇದನ್ನು ಯೋಚಿಸಿರಲಿಲ್ಲ. ರಾತ್ರಿ ಅಡುಗೆಮನೆಗೆ ಹೋಗಿ ಒಂದು ಕಾಯಿಯ ಜುಟ್ಟು ಕಿತ್ತು, ಮೂರೂ ಕಣ್ಣನ್ನು ಕಡ್ಡಿಯಿಂದ ಚುಚ್ಚಿ ನೋಡಿದೆ. ಎರಡು ಕಲ್ಲಿನ ಹಾಗೆ ಗಟ್ಟಿ. ಮೂರನೆಯದು ಮೆತ್ತಗಿತ್ತು, ಕಡ್ಡಿ ಒಳಗೆ ಇಳಿಯಿತು. ಆಮೇಲೆ ಓದಿ ತಿಳಿದುಕೊಂಡೆ. ತೆಂಗಿನ ಹೆಣ್ಣು ಹೂವಿನ ಅಂಡಾಶಯದಲ್ಲಿ ಮೂರು ಭಾಗ ಇರುತ್ತದೆ, ಸಾಮಾನ್ಯವಾಗಿ ಒಂದೇ ಬೀಜವಾಗಿ ಬೆಳೆಯುತ್ತದೆ. ಆ ಮೆತ್ತನೆಯ ಕಣ್ಣಿನ ಕೆಳಗೇ ಪುಟ್ಟ ಮೊಳಕೆ ಕೂತಿರುತ್ತದೆ. ಮುಂದಿನ ಯುಗಾದಿಗೆ ಅಡುಗೆಮನೆ ಸುತ್ತಿನ ಮೊದಲ ಪ್ರಶ್ನೆ ಅದೇ. ತಂಡಕ್ಕೊಂದು ತೆಂಗಿನಕಾಯಿ, ಒಂದು ಕಡ್ಡಿ ತರಿಸಿಟ್ಟರೆ ಆಯಿತು.